ಸೇನಾ ಕಟ್ಟಡಗಳ ವಿನ್ಯಾಸ ಮತ್ತು ಊರಿನ ಸಣ್ಣ ಸಂಸ್ಥೆಗಳು

ಸೇನೆಗೆ ಬೇಕಾದ ವಸತಿಗೃಹ, ಕಚೇರಿ, ಆಸ್ಪತ್ರೆ, ಶಸ್ತ್ರಾಗಾರ, ನೀರು ಮತ್ತು ವಿದ್ಯುತ್ ವ್ಯವಸ್ಥೆಗಳನ್ನು ಕಟ್ಟಿಸಿ ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಅಥವಾ ಎಂಇಎಸ್‌ನದು. 1923ರಲ್ಲಿ ರೂಪುಗೊಂಡ ಈ ಸಂಸ್ಥೆ ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಕೆಲಸ ಮಾಡುತ್ತದೆ. ಮೇಲೆ ಚೀಫ್ ಎಂಜಿನಿಯರ್, ಅವರ ಕೆಳಗೆ ಕಮಾಂಡರ್ ವರ್ಕ್ಸ್ ಎಂಜಿನಿಯರ್, ಸ್ಥಳದಲ್ಲಿ ಗ್ಯಾರಿಸನ್ ಎಂಜಿನಿಯರ್. ಸಣ್ಣ ಗುತ್ತಿಗೆದಾರರು ಮೊದಲು ತಟ್ಟುವುದು ಈ ಕೊನೆಯ ಬಾಗಿಲನ್ನು. ಸೋರುವ ತಾರಸಿಯ ದುರಸ್ತಿ, ಬಣ್ಣ, ಒಳಚರಂಡಿ, ವೈರಿಂಗ್‌ನಂಥ ಕೆಲಸಗಳ ಟೆಂಡರ್ ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ.

ಕಾಸರಗೋಡು ಜಿಲ್ಲೆಯಲ್ಲಿ ದಂಡುಪ್ರದೇಶವಿಲ್ಲ. ಆದರೂ ಅವಕಾಶ ದೂರದಲ್ಲಿಲ್ಲ. ದಕ್ಷಿಣದ ಗಡಿ ದಾಟಿದರೆ ಸಿಗುವ ಏಳಿಮಲೆಯಲ್ಲಿ 2009ರ ಜನವರಿ 8ರಂದು ಉದ್ಘಾಟನೆಗೊಂಡ ಭಾರತೀಯ ನೌಕಾ ಅಕಾಡೆಮಿ ಇದೆ. ಉತ್ತರಕ್ಕೆ ಕಾರವಾರದಲ್ಲಿ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಜಿಲ್ಲೆಯೊಳಗೇ ಸೀತಾಂಗೋಳಿಯಲ್ಲಿ ಎಚ್‌ಎಎಲ್‌ನ ಘಟಕವಿದೆ. ಅದು ಎಂಇಎಸ್‌ಗೆ ಸೇರಿದ್ದಲ್ಲ, ಅದರ ಟೆಂಡರುಗಳು ಬೇರೆ. ಇಂಥ ಕೆಲಸಗಳಿಗೆ ಬೇಕಾದ ಎಂಜಿನಿಯರುಗಳನ್ನು ಜಿಲ್ಲೆಯೊಳಗೇ ಪೊವ್ವಲ್‌ನ ಎಲ್‌ಬಿಎಸ್ ಕಾಲೇಜು 1993ರಿಂದ ರೂಪಿಸುತ್ತಿದೆ.

ಸಣ್ಣ ಸಂಸ್ಥೆಗಳ ಕೈಯಲ್ಲಿರುವ ಮುಖ್ಯ ಆಧಾರ 2012ರ ಸಾರ್ವಜನಿಕ ಖರೀದಿ ನೀತಿ. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ವರ್ಷದ ಖರೀದಿಯಲ್ಲಿ ಶೇ. 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಮೊದಲು ಇದು ಶೇ. 20 ಇತ್ತು. ಅದರೊಳಗೆ ಮಹಿಳೆಯರ ಒಡೆತನದ ಉದ್ಯಮಗಳಿಗೆ ಶೇ. 3, ಪರಿಶಿಷ್ಟ ಜಾತಿ ಮತ್ತು ಪಂಗಡದವರದಕ್ಕೆ ಶೇ. 4 ಮೀಸಲು. ಉದ್ಯಮ್ ನೋಂದಣಿ ಇದ್ದವರಿಗೆ ಟೆಂಡರ್ ಫಾರಂ ಉಚಿತ, ಮುಂಗಡ ಠೇವಣಿಯಿಂದ ವಿನಾಯಿತಿ. ಅತಿ ಕಡಿಮೆ ದರ ದೊಡ್ಡ ಸಂಸ್ಥೆಯದಾಗಿದ್ದು, ಸಣ್ಣ ಸಂಸ್ಥೆಯ ದರ ಅದಕ್ಕಿಂತ ಶೇ. 15ರ ಒಳಗೆ ಹೆಚ್ಚಿದ್ದರೆ, ಕೆಳದರಕ್ಕೆ ಇಳಿದು ಪಾಲು ಪಡೆಯಬಹುದು.

ಆದರೆ ಮೊದಲ ತೊಡಕೆಂದರೆ, ಈ ನೀತಿ ಸರಕು ಮತ್ತು ಸೇವೆಗೆ ಮಾತ್ರ ಅನ್ವಯಿಸುತ್ತದೆ, ಕಾಮಗಾರಿ ಗುತ್ತಿಗೆಗೆ ಇಲ್ಲ. ಗೋಡೆ ಎಬ್ಬಿಸುವುದು ಕಾಮಗಾರಿ. ನಕ್ಷೆ ಬರೆಯುವುದು, ಸರ್ವೆ ಮಾಡುವುದು, ಮಣ್ಣಿನ ಧಾರಣಶಕ್ತಿ ಪರೀಕ್ಷಿಸುವುದು, ಹಳೆಯ ಕಟ್ಟಡದ ದೃಢತೆ ತಪಾಸಣೆ ಸೇವೆ. ವಿನ್ಯಾಸವನ್ನೂ ನಿರ್ಮಾಣವನ್ನೂ ಒಂದೇ ಗುತ್ತಿಗೆಯಲ್ಲಿ ಕಟ್ಟಿಕೊಟ್ಟರೆ ಸಣ್ಣ ವಿನ್ಯಾಸ ಕಚೇರಿಗೆ ನೀತಿಯ ರಕ್ಷಣೆ ಇಲ್ಲವಾಗುತ್ತದೆ. ಅದು ದೊಡ್ಡ ಗುತ್ತಿಗೆದಾರರ ಕೆಳಗೆ ಉಪಗುತ್ತಿಗೆಗೆ ಇಳಿಯಬೇಕಾಗುತ್ತದೆ. ಸರಕು ಅಥವಾ ಸೇವೆ ಒಪ್ಪಿಸಿದ ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಎರಡನೆಯ ತೊಡಕು ಪೂರ್ವಾನುಭವ. ಎಂಇಎಸ್ ತನ್ನ ಗುತ್ತಿಗೆದಾರರನ್ನು ವರ್ಗಗಳಾಗಿ ನೋಂದಾಯಿಸಿಕೊಳ್ಳುತ್ತದೆ; ಮುಗಿಸಿದ ಕೆಲಸ, ಆರ್ಥಿಕ ಬಲ ನೋಡಿ ಮಿತಿ ನಿಗದಿಯಾಗುತ್ತದೆ. ಕೆಲಸ ಸಿಗದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ. ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಣ್ಣ ಉದ್ಯಮಗಳಿಗೆ ಸಡಿಲಿಸಲು ಕೇಂದ್ರ ಅವಕಾಶ ಕೊಟ್ಟಿದೆ, ಆದರೆ ಸಡಿಲಿಸುವುದು ಬಿಡುವುದು ಟೆಂಡರ್ ಕರೆಯುವವರ ವಿವೇಚನೆ. ಅಮೆರಿಕದಲ್ಲಿ 1972ರ ಬ್ರೂಕ್ಸ್ ಕಾಯ್ದೆಯಂತೆ ವಾಸ್ತುಶಿಲ್ಪ ಮತ್ತು ಎಂಜಿನಿಯರಿಂಗ್ ಸೇವೆಗೆ ಮೊದಲು ಅರ್ಹತೆಯ ಮೇಲೆ ಆಯ್ಕೆ, ಆಮೇಲೆ ದರದ ಮಾತುಕತೆ. ವಿನ್ಯಾಸದಂಥ ಬುದ್ಧಿಯ ಕೆಲಸಕ್ಕೆ ಅದೇ ಸರಿಯಾದ ಕ್ರಮ.

ಊರಿನ ಸಂಸ್ಥೆಯ ಅರ್ಹತೆ ಏನೆಂಬುದನ್ನು ಕರಾವಳಿಯ ನೆಲವೇ ತೋರಿಸುತ್ತದೆ. ಇಕ್ಕೇರಿಯ ಶಿವಪ್ಪ ನಾಯಕನ ಕಾಲದ ಬೇಕಲ ಕೋಟೆ ಮುರಕಲ್ಲಿನದು. ಕಡಿಯುವಾಗ ಮೆದುವಾಗಿರುವ ಈ ಕಲ್ಲು ಗಾಳಿಗೆ ಗಟ್ಟಿಯಾಗುತ್ತದೆ, ಆದರೆ ಮಳೆಗಾಲದ ನೀರನ್ನು ಹೀರುತ್ತದೆ. ತೇವ ಮೇಲೇರದಂತೆ ಅಡಿಪಾಯದಲ್ಲಿ ತಡೆ ಹಾಕದಿದ್ದರೆ ಗಾರೆ ಉದುರುತ್ತದೆ. ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಪ್ರತಿ ಮಳೆಗಾಲವನ್ನೂ ಕಂಡ ಎಂಜಿನಿಯರಿಗೆ ಇದು ತಿಳಿದ ವಿಷಯ.

ಹೀಗಾಗಿ ಎರಡು ಬೇಡಿಕೆಗಳನ್ನು ಮುಂದಿಡಬೇಕು. ಕರಾವಳಿಯ ಸೇನಾ ಕಟ್ಟಡಗಳ ಸರ್ವೆ, ಮಣ್ಣುಪರೀಕ್ಷೆ, ವಿನ್ಯಾಸಗಳನ್ನು ನಿರ್ಮಾಣದಿಂದ ಬೇರ್ಪಡಿಸಿ ಸೇವೆಯಾಗಿ ಟೆಂಡರ್ ಕರೆಯಲಿ. ಸಣ್ಣ ಸಂಸ್ಥೆಗಳ ಪೂರ್ವಾನುಭವದ ಷರತ್ತು ಸಡಿಲವಾಗಲಿ.