ದಟ್ಟಗಳ್ಳಿಯಿಂದ ಲಾಗಿನ್: ರೀಲ್ಸ್‌ನಲ್ಲಿ ಕಾಣದ ಡೆವಲಪರ್ ದಿನ

ನಾನು ಮಾತಾಡ್ತಿರೋದು ಮೈಸೂರಿನ ದಟ್ಟಗಳ್ಳಿಯಿಂದ. ಕೆಲಸ, ಸಾಫ್ಟ್‌ವೇರ್ ಡೆವಲಪರ್.

ಇನ್‌ಸ್ಟಾಗ್ರಾಮ್‌ನಲ್ಲಿ ‘ಟೆಕ್ಕಿಯ ಒಂದು ದಿನ’ ಅಂತ ರೀಲ್ಸ್ ನೋಡಿರ್ತೀರಿ. ಕಾಫಿ, ಗಾಜಿನ ಕಟ್ಟಡ, ಬೀನ್ ಬ್ಯಾಗ್, ಸಂಜೆ ಜಿಮ್. ಕೋಡ್ ಕಾಣೋದು ಎರಡು ಸೆಕೆಂಡ್. ನನ್ನ ದಿನದಲ್ಲಿ ಕೋಡ್ ಬರೆಯೋದಕ್ಕಿಂತ ಬೇರೆಯವರು ಬರೆದದ್ದನ್ನ ಓದೋದೇ ಜಾಸ್ತಿ. ಬೆಳಗ್ಗೆ ಹತ್ತಕ್ಕೆ ಸ್ಟ್ಯಾಂಡ್-ಅಪ್. ಹೆಸರಿಗೆ ನಿಂತು ಮಾತಾಡೋದು, ನಡೆಯೋದು ಕೂತೇ. ಆಮೇಲೆ ಮಧ್ಯಾಹ್ನದವರೆಗೂ ಒಂದು ಬಗ್ ಹಿಂದೆ. ಅಮ್ಮ ‘ಊಟಕ್ಕೆ ಬಾರೋ, ಸಾರು ಆರ್ತಿದೆ’ ಅಂತ ಕೂಗಿದಾಗ ಮೈಕ್ ಮ್ಯೂಟ್ ಆಗಿದೆಯಾ ಅಂತ ಮೊದಲು ನೋಡ್ಕೋಬೇಕು. ರಾತ್ರಿ ಅಮೆರಿಕದ ಟೀಮ್ ಎದ್ದ ಮೇಲೆ ಇನ್ನೊಂದು ಕಾಲ್. ಇದನ್ನ ಯಾರು ರೀಲ್ ಮಾಡ್ತಾರೆ ಹೇಳಿ?

ಲಿಂಕ್ಡ್‌ಇನ್ ಅಂತೂ ನಾನು ತೆರೆಯೋದೇ ಕಡಿಮೆ. ಒಂದು ಪೋಸ್ಟಲ್ಲಿ ಪ್ರಮೋಷನ್ ಸಂಭ್ರಮ, ಅದರ ಕೆಳಗೇ ಕೆಲಸ ಹುಡುಕ್ತಿದ್ದೀನಿ ಅನ್ನೋ ಹಸಿರು ಪಟ್ಟಿ ಸುತ್ತಿದ ಗೆಳೆಯನ ಫೋಟೊ. ಎರಡನ್ನೂ ಒಂದೇ ಹೆಬ್ಬೆರಳಲ್ಲಿ ಸರಿಸಿಬಿಡೋದು ನನಗಂತೂ ಹಿಂಸೆ ಆಗುತ್ತೆ.

ನಾನು ನಿಜವಾಗ್ಲೂ ಖುಷಿಯಿಂದ ಪೋಸ್ಟ್ ಮಾಡೋದು ಕನ್ನಡ ಮತ್ತು ಕೋಡ್ ಬಗ್ಗೆ. ‘ದಟ್ಟಗಳ್ಳಿ’ಯಲ್ಲಿ ಎಷ್ಟು ಅಕ್ಷರ? ನಮಗೆ ನಾಲ್ಕು: ದ, ಟ್ಟ, ಗ, ಳ್ಳಿ. ಪೈಥಾನ್ ಕೇಳಿದ್ರೆ 9 ಅನ್ನುತ್ತೆ! ಯೂನಿಕೋಡ್‌ನಲ್ಲಿ ಒತ್ತಕ್ಷರ ಅಂತ ಬೇರೆ ಸಂಕೇತ ಇಲ್ಲ. ‘ಟ್ಟ’ ಅಂದ್ರೆ ಟ, ಒಂದು ವಿರಾಮ ಚಿಹ್ನೆ, ಮತ್ತೊಂದು ಟ, ಒಟ್ಟು ಮೂರು. ಗುಡಿಸು ಕೂಡ ಪ್ರತ್ಯೇಕ. ಈಗ ಒಂದು ಫಾರಂನಲ್ಲಿ ಹೆಸರು 10 ಅಕ್ಷರ ಮೀರಬಾರದು ಅಂತ ಯಾರೋ ಇಂಗ್ಲಿಷ್ ಲೆಕ್ಕದಲ್ಲಿ ಬರೆದಿದ್ದಾರೆ ಅಂದ್ಕೊಳ್ಳಿ. ‘ಚಾಮರಾಜೇಂದ್ರ’ ನಮಗೆ ಐದೇ ಅಕ್ಷರ, ಕಂಪ್ಯೂಟರಿಗೆ 11. ಮೈಸೂರಲ್ಲೇ ಆ ಹೆಸರು ರಿಜೆಕ್ಟ್! ಹಳೇ ಕಾಲದ ಎಸ್‌ಎಂಎಸ್‌ನಲ್ಲೂ ಅಷ್ಟೇ, ಇಂಗ್ಲಿಷ್‌ಗೆ 160 ಜಾಗ, ಕನ್ನಡಕ್ಕೆ 70.

ಇಂಥ ಪೋಸ್ಟ್‌ಗೆ ಲೈಕ್ ಜಾಸ್ತಿ ಬರಲ್ಲ. ಆದ್ರೆ ಕಾಮೆಂಟಲ್ಲಿ ಶಾಲೆ ಮೇಷ್ಟ್ರು, ಡಿಟಿಪಿ ಅಂಗಡಿಯವರು, ಕಾಲೇಜು ಹುಡುಗ್ರು ಬರ್ತಾರೆ. ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿದ್ದು ವಾಟ್ಸಾಪ್‌ಗೆ ಹಾಕಿದ್ರೆ ಯಾಕೆ ಇಂಗ್ಲಿಷ್ ಗೀಚಾಟ ಆಗುತ್ತೆ ಅಂತ ಕೇಳ್ತಾರೆ. ‘ಅಲರ್’ ನಿಘಂಟು ಗೊತ್ತಲ್ಲ? ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಪದಕೋಶ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಅದನ್ನ ಮುಕ್ತ ದತ್ತಾಂಶವಾಗಿ ಕೊಟ್ಟಿದ್ದಾರೆ. ನಾನು ಭಾನುವಾರಗಳಲ್ಲಿ ಅದನ್ನಿಟ್ಕೊಂಡು ಮಕ್ಕಳಿಗೊಂದು ಪದದಾಟ ಮಾಡ್ತಿದ್ದೀನಿ. ದುಡ್ಡು ಬರೋ ಕೆಲಸ ಅಲ್ಲ ಬಿಡಿ.

ಈಗ ಅದಕ್ಕೇ ಕುತ್ತು ಬಂದಿದೆ. ಕಂಪನಿಯವರು ವಾರಕ್ಕೆ ಮೂರು ದಿನ ಬೆಂಗಳೂರು ಆಫೀಸಿಗೆ ಬನ್ನಿ ಅಂತ ಮೇಲ್ ಹಾಕಿದ್ದಾರೆ. ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಒಂದೂವರೆ ಗಂಟೆ ಅಂತ ಮ್ಯಾನೇಜರ್ ಅಂತಾರೆ. 118 ಕಿಲೋಮೀಟರ್ ಹೌದು, 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು, ಹೌದು. ಆದ್ರೆ ದಟ್ಟಗಳ್ಳಿ ಇರೋದು ಊರಿನ ಈ ತುದಿಯಲ್ಲಿ. ಮೊದಲು ಮೈಸೂರು ದಾಟಬೇಕು, ಆಮೇಲೆ ಆ ಕಡೆ ಬೆಂಗಳೂರಿನ ಟ್ರಾಫಿಕ್. ನನ್ನ ಹತ್ರ ಇರೋದು ಬೈಕು. ಅದೇ ವರ್ಷ ಆಗಸ್ಟಿಂದ ಅಲ್ಲಿ ಮುಖ್ಯ ರಸ್ತೆಗೆ ಬೈಕ್ ಬಿಡ್ತಿಲ್ಲ. ಬೆಂಗಳೂರಲ್ಲಿ ಮನೆ ಮಾಡಿದ್ರೆ ಅಪ್ಪ-ಅಮ್ಮ ಇಬ್ಬರೇ ಇಲ್ಲಿ. ಅಪ್ಪ ಮಾತ್ರ ‘ನಮ್ಮ ಚಿಂತೆ ಬಿಡೋ, ಕೆಲಸ ಬಿಡಬೇಡ’ ಅಂತಾರೆ.

ತಿಂಗಳ ಕೊನೆಗೆ ಉತ್ತರ ಕೊಡಬೇಕು. ಮೈಸೂರಿಂದ ದಿನಾ ರೈಲಲ್ಲಿ ಓಡಾಡೋರು ಯಾರಾದ್ರೂ ಕೇಳ್ತಿದ್ರೆ ಒಂದು ವಾಯ್ಸ್ ನೋಟ್ ಕಳ್ಸಿ: ಎಷ್ಟೊತ್ತಿಗೆ ಏಳ್ತೀರಿ, ಸೀಟ್ ಸಿಗುತ್ತಾ, ವಾಪಸ್ ಮನೆಗೆ ಬರೋದು ಎಷ್ಟೊತ್ತಿಗೆ?