ಟಿ. ರೆಕ್ಸ್‌ಗೂ ನಮ್ಮ ರಾಣಿಗೂ ಏನು ನಂಟು?

ಟಿ. ರೆಕ್ಸ್ ಗೊತ್ತಲ್ಲ ಮಕ್ಕಳೇ? ದೊಡ್ಡ ಬಾಯಿ, ಪುಟ್ಟ ಕೈಗಳ ಡೈನೋಸಾರ್. ಪೂರ್ತಿ ಹೆಸರು ಟೈರನೋಸಾರಸ್ ರೆಕ್ಸ್. 1905ರಲ್ಲಿ ಅಮೆರಿಕದ ಆಸ್ಬಾರ್ನ್ ಎಂಬ ವಿಜ್ಞಾನಿ ಇಟ್ಟ ಹೆಸರು ಅದು. ಕಡಲೆಕಾಯಿ ಸುಲಿದ ಹಾಗೆ ಈ ಹೆಸರನ್ನೂ ಸುಲಿಯೋಣ ಬನ್ನಿ. ‘ಟೈರನೋ’ ಅಂದರೆ ದರ್ಪದ ದೊರೆ, ‘ಸಾರಸ್’ ಅಂದರೆ ಹಲ್ಲಿ. ಇವೆರಡೂ ಗ್ರೀಕ್ ಮಾತು. ಕೊನೆಯ ‘ರೆಕ್ಸ್’ ಹಳೆಯ ರೋಮಿನ ಜನರ ಲ್ಯಾಟಿನ್ ಮಾತು. ಅದರ ಅರ್ಥ ರಾಜ!

ರೆಕ್ಸ್, ರಾಜ. ಎರಡನ್ನೂ ಒಂದರ ಹಿಂದೊಂದು ಜೋರಾಗಿ ಹೇಳಿ ನೋಡಿ. ಮದುವೆಮನೆಯಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳನ್ನು ಕಂಡು, ‘ಅರೆ, ಇವಳ ಮೂಗು ಥೇಟ್ ನಮ್ಮ ಚಿಕ್ಕಮ್ಮನದೇ’ ಅನ್ನಿಸುತ್ತದಲ್ಲ, ಹಾಗಿದೆ.

ಒಂದು ಮೂಗು ಹೋಲಿದ ಮಾತ್ರಕ್ಕೆ ನೆಂಟರು ಅಂದುಬಿಡಬಾರದು. ‘ರಾಜ’ ಸಂಸ್ಕೃತದ ಮಾತು; ಆ ನುಡಿಯಲ್ಲೂ ಲ್ಯಾಟಿನ್ನಿನಲ್ಲೂ ಇನ್ನೂ ಹುಡುಕಬೇಕು. ಏಳಕ್ಕೆ ಸಂಸ್ಕೃತದಲ್ಲಿ ‘ಸಪ್ತ’, ಲ್ಯಾಟಿನ್ನಿನಲ್ಲಿ ‘ಸೆಪ್ಟೆಮ್’. ಹೀಗೆ ಹೋಲುವ ಮಾತುಗಳು ರಾಶಿ ರಾಶಿ ಸಿಕ್ಕವು. ಕೋಲ್ಕತ್ತದಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕು, ಆ ಮೂಲ ಈಗ ಉಳಿದಿಲ್ಲದೆಯೂ ಇರಬಹುದು ಎಂದರು. ಮುತ್ತಜ್ಜಿ ಇಲ್ಲ, ಮೊಮ್ಮಕ್ಕಳ ಮುಖದಲ್ಲಿ ಅವಳ ಕಳೆ ಇದೆ!

ನನಗೆ ತುಂಬ ಇಷ್ಟವಾದದ್ದು ಮುಂದಿನದು. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆಯಿರಿ. ಇಂಗ್ಲಿಷಿನಲ್ಲಿ ಅದಕ್ಕೆ ‘ರೂಲರ್’ ಅಂತಲೂ ಹೆಸರು. ಆಳುವವನಿಗೂ ‘ರೂಲರ್’ ಎಂದೇ ಹೆಸರು. ಗೆರೆ ಎಳೆಯುವ ಪಟ್ಟಿಗೂ ಸಿಂಹಾಸನಕ್ಕೂ ಎತ್ತಣ ನಂಟು? ಎರಡರ ಬೇರೂ ‘ನೆಟ್ಟಗೆ ನಡೆಸು’ ಎಂಬ ಅರ್ಥದ ಲ್ಯಾಟಿನ್ ಮಾತಿನಲ್ಲಿದೆ. ‘ರೆಕ್ಸ್’ ಕೂಡ ಅದೇ ಬಳಗ. ‘ನೆಟ್ಟಗಿನ’ ಎಂಬ ಅರ್ಥದ ಸಂಸ್ಕೃತದ ‘ಋಜು’ವನ್ನೂ ವಿದ್ವಾಂಸರು ಇದೇ ಮನೆತನಕ್ಕೆ ಸೇರಿಸುತ್ತಾರೆ. ಕಾಡಿನಲ್ಲಿ ಗುಂಪಿನ ಮುಂದೆ ನಿಂತು, ‘ಹೀಗೆ ನೇರ ಬನ್ನಿ’ ಎಂದು ದಾರಿ ತೋರುವ ಒಬ್ಬ ಹಿರಿಯನನ್ನು ಕಣ್ಣಿಗೆ ತಂದುಕೊಳ್ಳಿ. ಕಿರೀಟ ಬೇಡ, ಕತ್ತಿಯೂ ಬೇಡ; ನೆಟ್ಟಗೆ ನಡೆಸುವವನೇ ರಾಜ.

ಈಗ ಒಂದು ಪ್ರಯೋಗ. ಸಂಸ್ಕೃತದಲ್ಲಿ ರಾಣಿಗೆ ‘ರಾಜ್ಞೀ’ ಎನ್ನುತ್ತಾರೆ. ಅದನ್ನು ಗಬಗಬನೆ ಹತ್ತು ಸಲ ಹೇಳಿ. ನಾಲಿಗೆ ತೊಡರಿತೇ? ಎಷ್ಟೋ ತಲೆಮಾರುಗಳ ನಾಲಿಗೆಗಳೂ ಹೀಗೇ ತೊಡರಿರಬೇಕು. ಹೊಳೆಯಲ್ಲಿ ಉರುಳಿ ಉರುಳಿ ಕಲ್ಲು ನುಣುಪಾಗುವ ಹಾಗೆ ‘ರಾಜ್ಞೀ’ ಸವೆದು ‘ರಾಣಿ’ ಆಯಿತು. ‘ರಾಜ’ ಸವೆದು ‘ರಾಯ’ ಆಯಿತು, ನಮ್ಮ ಕೃಷ್ಣದೇವರಾಯನ ರಾಯ! ರಾಜರು ಹೊರಡಿಸುವ ‘ಆಜ್ಞೆ’ ಕೂಡ ‘ಆಣೆ’ ಆಯಿತು. ಆಟದಲ್ಲಿ ಜಗಳವಾಗಿ ‘ದೇವರಾಣೆ, ನಾನು ಔಟಾಗಿಲ್ಲ’ ಅನ್ನುತ್ತೀರಲ್ಲ, ಅದೇ ಆಣೆ. ‘ಜ್ಞ’ ಎರಡು ಕಡೆಯೂ ‘ಣ’ ಆದದ್ದನ್ನು ಗಮನಿಸಿದಿರಾ? ಮಾತು ಸವೆಯುವುದಕ್ಕೂ ಒಂದು ಕ್ರಮವಿದೆ.

ಇವೆಲ್ಲ ದೂರದಿಂದ ಬಂದ ಮಾತುಗಳಾದವು. ನಮ್ಮ ಮನೆಯದೇ ಒಂದಿದೆ: ‘ಒಡೆಯ’. ಮೈಸೂರನ್ನು ಆಳಿದವರು ಒಡೆಯರು. ತನ್ನದಾಗಿ ಉಳ್ಳವನು ಒಡೆಯ. ಅದೇ ಬೇರಿನಿಂದ ಚಿಗುರಿದ ಇನ್ನೊಂದು ಮಾತು ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದೆ. ಏನು ಗೊತ್ತೇ? ಒಡವೆ!