ಗೋದಲಿಯ ಕಪ್ಪು ರಾಯ ಮತ್ತು ನಮ್ಮ ಮನೆಯ ಸಂಬಂಧಗಳು

(ಮೂರು ರಾಯರ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಸಂಭ್ರಮ ಇನ್ನೂ ಮುಗಿದಿಲ್ಲ. ಗೋದಲಿಯ ಹುಲ್ಲು ಒಣಗಿದೆ, ಮಕ್ಕಳು ಮೊಳಕೆ ಬರಿಸಿಟ್ಟ ರಾಗಿಯ ಪೈರು ಹಳದಿಯಾಗಿದೆ. ಆದರೂ ಈ ದಿನ ಗೋದಲಿಗೆ ಹೊಸಬರು ಮೂವರು ಬಂದಿದ್ದಾರೆ. ಅವರಲ್ಲಿ ಒಬ್ಬರು ಕಪ್ಪು ಬಣ್ಣದವರು. ಸಂತ ಮತ್ತಾಯರು ತಮ್ಮ ಶುಭಸಂದೇಶದಲ್ಲಿ ಈ ಜ್ಞಾನಿಗಳ ಹೆಸರನ್ನು ಹೇಳಿಲ್ಲ, ಬಣ್ಣವನ್ನು ಹೇಳಿಲ್ಲ, ಅವರು ಎಷ್ಟು ಮಂದಿ ಎಂದೂ ಹೇಳಿಲ್ಲ. ಕಾಣಿಕೆ ಮೂರು ಇದ್ದುದರಿಂದ ಜನ ಮೂವರೆಂದರು. ಕಾಸ್ಪರ್, ಮೆಲ್ಕಿಯೋರ್, ಬಲ್ತಸಾರ್ ಎಂಬ ಹೆಸರುಗಳು ಆಮೇಲೆ ಬಂದವು. ಸುಮಾರು 15ನೆಯ ಶತಮಾನದಿಂದ ಯೂರೋಪಿನ ಚಿತ್ರಕಾರರು ಅವರಲ್ಲಿ ಒಬ್ಬರನ್ನು ಆಫ್ರಿಕಾದವರಂತೆ ಬರೆಯುವುದು ರೂಢಿಯಾಯಿತು. ಭೂಮಿಯ ಎಲ್ಲ ಜನಾಂಗಗಳೂ ಬಾಲಯೇಸುವಿನ ಮುಂದೆ ಮಂಡಿಯೂರಿದವು ಎಂದು ತೋರಿಸುವುದೇ ಅದರ ಉದ್ದೇಶ.

ಆ ಕಪ್ಪು ರಾಯರನ್ನು ನಾವು ಭಕ್ತಿಯಿಂದ ಒರೆಸಿ, ಗೋದಲಿಯಲ್ಲಿಟ್ಟು, ಕೈಮುಗಿಯುತ್ತೇವೆ. ಅವರೇ ಎದ್ದು ಬಂದು ನಮ್ಮ ಮನೆಯ ಬಾಗಿಲು ತಟ್ಟಿ ಹೆಣ್ಣು ಕೇಳಿದರೆ ಏನು ಹೇಳುತ್ತೇವೆ? ಈ ಹಬ್ಬದ ದಿನ ನಾವೆಲ್ಲರೂ ಯೋಚಿಸಬೇಕಾದ ಪ್ರಶ್ನೆ ಇದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಕಡೆಯಲ್ಲಿ ಆಫ್ರಿಕಾದವರು ಎಲ್ಲಿದ್ದಾರೆ ಫಾದರ್ ಎಂದು ನೀವು ಕೇಳಬಹುದು. ದೂರ ಹೋಗುವುದು ಬೇಡ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಾಡಿನ ಅಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದ ಆಫ್ರಿಕಾದ ಜನರ ಸಂತತಿ ಅವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ನಮ್ಮ ಹಾಗೆ ಜಪಸರ ಹಿಡಿದು ಪ್ರಾರ್ಥಿಸುವ ಕಥೋಲಿಕರೂ ಇದ್ದಾರೆ. ನೂರಾರು ವರ್ಷಗಳಿಂದ ಕನ್ನಡ ನಾಡಿನಲ್ಲಿಯೇ ಬದುಕಿದ ಇವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಬಸ್ಸಿನಲ್ಲಿ, ಪೇಟೆಯಲ್ಲಿ, ಅವರ ಕೂದಲನ್ನೂ ಮುಖವನ್ನೂ ಕಂಡು ಯಾವ ದೇಶದವರು ಎಂದು ಇಂಗ್ಲಿಷಿನಲ್ಲಿ ಕೇಳುವವರು ಈಗಲೂ ಇದ್ದಾರೆ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ತಾಂಜಾನಿಯಾ ದೇಶದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಹಲ್ಲೆ ನಡೆಸಿತು. ಅಲ್ಲಿ ಆಗಿದ್ದ ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಆಕೆಯ ಬಣ್ಣವೇ ಆಕೆಯ ತಪ್ಪಾಯಿತು.

ಇನ್ನು ನಮ್ಮ ಮನೆಗಳೊಳಗೆ ಬರೋಣ. ಮಗು ಹುಟ್ಟಿದ ಸುದ್ದಿ ಬಂದರೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ: ಬಣ್ಣ ಹೇಗಿದೆ? ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಬರುತ್ತಾರೆ. ಹುಡುಗಿ ಸ್ವಲ್ಪ ಕಪ್ಪು ಎಂಬ ಮಾತು ಮದುವೆಯ ದಲ್ಲಾಳಿಯ ಬಾಯಲ್ಲಿ ಆ ಮನೆಗೆ ತಲುಪುತ್ತದೆ. ಒಳಕೋಣೆಯಲ್ಲಿ ಕೂತ ಆ ಮಗಳ ಕಣ್ಣೀರಿಗೆ ಯಾರು ಹೊಣೆ? 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ಬಿಳುಪು ಎಂಬ ಅರ್ಥದ ಮಾತನ್ನು ತೆಗೆದು ಹಾಕಿತು. ಅದೇ ವರ್ಷ ಹೆಸರಾಂತ ಮದುವೆ ವೆಬ್‌ಸೈಟೊಂದು ಮೈಬಣ್ಣ ನೋಡಿ ವಧೂವರರನ್ನು ಆರಿಸುವ ಸೌಲಭ್ಯವನ್ನು ಕೈಬಿಟ್ಟಿತು. ಜನರ ಟೀಕೆಗೆ ಅಂಜಿ ಕಂಪೆನಿಗಳು ಬದಲಾದವು. ನಮ್ಮ ಅಡುಗೆಮನೆಯ ಮಾತು ಬದಲಾಗಿದೆಯೇ?

ಬದಲಾವಣೆ ಆಗುವುದೇ ಇಲ್ಲ ಎನ್ನಬೇಡಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಬಿಳಿಯರೂ ಕರಿಯರೂ ಮದುವೆಯಾಗುವುದು ಒಂದು ಕಾಲಕ್ಕೆ ಅಪರಾಧವಾಗಿತ್ತು. ಕ್ಯಾಲಿಫೋರ್ನಿಯದಲ್ಲಿ ಆಂಡ್ರಿಯಾ ಪೆರೆಸ್ ಎಂಬ ಹುಡುಗಿ ಮತ್ತು ಸಿಲ್ವೆಸ್ಟರ್ ಡೇವಿಸ್ ಎಂಬ ಕಪ್ಪು ಹುಡುಗ ಮದುವೆಯಾಗಲು ಹೊರಟಾಗ ಸರ್ಕಾರಿ ಕಚೇರಿ ಪರವಾನಗಿ ಕೊಡಲಿಲ್ಲ. ಇಬ್ಬರೂ ಕಥೋಲಿಕರು. ನಮ್ಮ ಧರ್ಮಸಭೆ ಈ ಮದುವೆಯನ್ನು ತಡೆಯುವುದಿಲ್ಲ, ಹಾಗಿರುವಾಗ ಈ ಸಂಸ್ಕಾರವನ್ನು ನಮಗೆ ನಿರಾಕರಿಸಲು ಸರ್ಕಾರಕ್ಕೆ ಹಕ್ಕಿಲ್ಲ ಎಂದು ಅವರ ವಕೀಲರು ವಾದಿಸಿದರು. 1948ರಲ್ಲಿ ಆ ರಾಜ್ಯದ ನ್ಯಾಯಾಲಯ ನಾಲ್ವರು ನ್ಯಾಯಾಧೀಶರ ಒಪ್ಪಿಗೆ, ಮೂವರ ವಿರೋಧದ ನಡುವೆ ಆ ಕಾನೂನನ್ನು ತಳ್ಳಿಹಾಕಿತು. ವರ್ಜೀನಿಯದಲ್ಲಿ ಮಾತ್ರ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಗಳಿಗೆ 1959ರಲ್ಲಿ ಶಿಕ್ಷೆಯಾಯಿತು. ದೇವರೇ ಬೇರೆ ಬೇರೆ ಬಣ್ಣದವರನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟಿರುವಾಗ ಅವರು ಬೆರೆಯಬಾರದು ಎಂದು ಅಲ್ಲಿನ ನ್ಯಾಯಾಧೀಶರು ಬರೆದರು! 1967ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಅಳಿಸಿತು. ಇಂಥ ಮದುವೆಗಳನ್ನು ಒಪ್ಪುವ ಅಮೆರಿಕನ್ನರು 1958ರಲ್ಲಿ ನೂರಕ್ಕೆ 4 ಮಂದಿ ಮಾತ್ರ ಎಂದು ಗ್ಯಾಲಪ್ ಸಂಸ್ಥೆಯ ಸಮೀಕ್ಷೆ ಹೇಳಿತ್ತು. 2021ರಲ್ಲಿ ಆ ಸಂಖ್ಯೆ 94 ಆಗಿತ್ತು. ಹೀಗೆ ಒಂದು ಮನುಷ್ಯಾಯುಷ್ಯದೊಳಗೆ ಒಂದು ದೇಶದ ಮನಸ್ಸು ತಿರುಗಿತು.

ಆ ದೇಶಕ್ಕೆ ಬಣ್ಣ ಹೇಗೋ ನಮಗೆ ಜಾತಿ ಹಾಗೆ. ನಮ್ಮಲ್ಲಿ ಕಾನೂನು ಎಂದೋ ದಾರಿ ಬಿಟ್ಟುಕೊಟ್ಟಿದೆ. 1954ರ ವಿಶೇಷ ವಿವಾಹ ಕಾಯ್ದೆ ಜಾತಿ ಧರ್ಮಗಳನ್ನು ಕೇಳದೆ ಮದುವೆ ನೋಂದಾಯಿಸುತ್ತದೆ. ಬೇರೆ ಜಾತಿಯವರನ್ನು ಮದುವೆಯಾದ ವಯಸ್ಕರನ್ನು ಯಾರೂ ಪೀಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಆದರೂ 2011–12ರ ರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ನೂರು ಮದುವೆಗಳಲ್ಲಿ ಸುಮಾರು ಐದು ಮಾತ್ರ ಜಾತಿಯ ಗೆರೆ ದಾಟಿದ್ದವು. ಜಾತಿ ಬಿಟ್ಟು ಮದುವೆಯಾದಳೆಂದು ಹೆತ್ತ ಕೈಗಳೇ ಮಗಳ ಉಸಿರು ನಿಲ್ಲಿಸಿದ ಸುದ್ದಿಯನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೂ ಓದುತ್ತೇವೆ.

ಅದೆಲ್ಲ ಬೇರೆಯವರ ಕಥೆ ಎಂದು ನಾವು ಸಮಾಧಾನಪಡುವಂತಿಲ್ಲ. ನಮ್ಮ ಕುಟುಂಬಗಳಲ್ಲಿ ಕೆಲವರ ಹಿರಿಯರು ಮಂಗಳೂರಿನಿಂದ ಬಂದರು, ಕೆಲವರು ತಮಿಳುನಾಡಿನಿಂದ, ಕೆಲವರು ಕೇರಳದಿಂದ. ಕೆಲವರು ಇದೇ ಮಣ್ಣಿನವರು. ಒಂದೇ ಬಲಿಪೀಠದಿಂದ ಪರಮ ಪ್ರಸಾದ ಸ್ವೀಕರಿಸುತ್ತೇವೆ, ಹಬ್ಬದ ದಿನ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತೇವೆ. ಮದುವೆಯ ಮಾತು ಬಂದಾಗ ಮಾತ್ರ ಗುರುಗಳಾದ ನಮ್ಮ ಬಳಿ ದನಿ ತಗ್ಗಿಸಿ ಹೇಳುತ್ತೀರಿ: “ಹುಡುಗ ಒಳ್ಳೆಯವನೇ ಫಾದರ್, ಪೂಜೆಗೂ ತಪ್ಪುವುದಿಲ್ಲ. ಆದರೆ ನಮ್ಮವನಲ್ಲ.” ಒಂದು ಮನೆಯ ಮಾತಲ್ಲ ಇದು, ಹಲವು ಮನೆಗಳ ಮಾತು. ಒಂದೇ ಜ್ಞಾನಸ್ನಾನ ಪಡೆದವನು ನಮ್ಮವನಲ್ಲದಿದ್ದರೆ ಮತ್ತೆ ಯಾರು ನಮ್ಮವರು? ತಮಿಳುನಾಡಿನ ಕೆಲವು ಕಥೋಲಿಕ ಸಮಾಧಿ ಭೂಮಿಗಳಲ್ಲಿ ಜಾತಿಯ ಹೆಸರಿನಲ್ಲಿ ನಡುಗೋಡೆಯೇ ಎದ್ದಿತ್ತು. ಸತ್ತ ಮೇಲೂ ಬಿಡದ ಈ ರೋಗ ಧರ್ಮಸಭೆಯೊಳಗೂ ಇದೆಯೆಂದು ಒಪ್ಪಿಕೊಂಡೇ ಭಾರತದ ಧರ್ಮಾಧ್ಯಕ್ಷರು 2016ರಲ್ಲಿ ದಲಿತರ ಸಬಲೀಕರಣಕ್ಕೆ ನೀತಿಯೊಂದನ್ನು ಹೊರತಂದರು. ಬಣ್ಣ, ಕುಲ, ಜನಾಂಗಗಳ ಭೇದ ದೇವರ ಚಿತ್ತಕ್ಕೆ ವಿರುದ್ಧವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿತ್ತು. ಧರ್ಮಸಭೆಯ ಕಾನೂನಿನಲ್ಲಿ ಮದುವೆಗೆ ಅಡ್ಡಿಯಾಗುವ ಕಾರಣಗಳ ಪಟ್ಟಿ ಇದೆ. ಜಾತಿ ಆ ಪಟ್ಟಿಯಲ್ಲಿಲ್ಲ, ಬಣ್ಣವೂ ಇಲ್ಲ.

ಪವಿತ್ರ ಗ್ರಂಥದಲ್ಲಿ ಈ ಜಗಳ ಹೊಸದಲ್ಲ. ಮೋಶೆ ಕೂಷ್ ದೇಶದ, ಎಂದರೆ ಆಫ್ರಿಕಾದ ಕಡೆಯ ಹೆಣ್ಣನ್ನು ಮದುವೆಯಾಗಿದ್ದರು. ಅದಕ್ಕೆ ಕೊಂಕು ನುಡಿದವರು ಹೊರಗಿನವರಲ್ಲ. ಒಡಹುಟ್ಟಿದ ಅಕ್ಕ ಮಿರಿಯಾಮಳು, ಅಣ್ಣ ಆರೋನರು. ದೇವರು ಸಿಟ್ಟಾದರು, ಮಿರಿಯಾಮಳ ಮೈ ತೊನ್ನು ಹತ್ತಿ ಹಿಮದಂತೆ ಬೆಳ್ಳಗಾಯಿತು ಎಂದು ಸಂಖ್ಯಾಕಾಂಡ ಹೇಳುತ್ತದೆ. ಬಿಳುಪನ್ನು ಬಯಸುವವರು ಈ ಭಾಗವನ್ನು ಒಮ್ಮೆ ನಿಧಾನವಾಗಿ ಓದಬೇಕು! ಮೋವಾಬಿನ ಪರದೇಶಿ ಸೊಸೆ ರೂತಳು ದಾವೀದ ಅರಸರ ಮುತ್ತಜ್ಜಿಯಾದಳು. ಸಂತ ಮತ್ತಾಯರು ಯೇಸುಸ್ವಾಮಿಯ ವಂಶಾವಳಿಯಲ್ಲಿ ಅವಳ ಹೆಸರನ್ನು ಮುಚ್ಚಿಡದೆ ಬರೆದಿದ್ದಾರೆ.

ನಮ್ಮ ನೆಲದ ನೆನಪಿನಲ್ಲಿಯೂ ಇಂಥ ಕಥೆಗಳಿವೆ. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದರು. ಅದಕ್ಕಾಗಿ ಆ ಇಬ್ಬರು ತಂದೆಯರು ಪ್ರಾಣ ತೆತ್ತರು. ನಮ್ಮ ಚನ್ನಗಿರಿಯ ಸೂಳೆಕೆರೆಯ ಕಥೆ ನಿಮಗೆಲ್ಲ ಗೊತ್ತು. ಅರಸನ ಮಗಳು ಶಾಂತವ್ವ ತಂದೆ ಒಪ್ಪದವನಿಗೆ ಮನಸ್ಸು ಕೊಟ್ಟಳು, ಆಮೇಲೆ ಆ ಕೆರೆ ಕಟ್ಟಿಸಿದಳು, ತಂದೆ ಅವಳಿಗೆ ಹೊಲಸು ಹೆಸರಿಟ್ಟು ಶಪಿಸಿದ ಎನ್ನುತ್ತಾರೆ. ಐತಿಹ್ಯ ಎಷ್ಟು ನಿಜವೋ, ನಾವು ಕಣ್ಣಾರೆ ಕಾಣುವ ಮಾತು ಬೇರೆ ಇದೆ: ತಂದೆಯ ಶಾಪ ಕೆರೆಯ ಹೆಸರಿಗೆ ಅಂಟಿಕೊಂಡಿತು, ಮಗಳು ನಿಲ್ಲಿಸಿದ ನೀರು ಶತಮಾನಗಳಿಂದ ಎಲ್ಲ ಜಾತಿಯವರ ಗದ್ದೆ ತೋಟಗಳಿಗೆ ಹರಿಯುತ್ತಿದೆ. ಇಂದು ನಾವು ಅದನ್ನು ಶಾಂತಿಸಾಗರ ಎನ್ನುತ್ತೇವೆ. ಆ ಹೆಸರು ಮಗಳದು.

ಈಗ ಗಾಳಿ ಬೇರೆ ಕಡೆಯಿಂದಲೂ ಬೀಸುತ್ತಿದೆ. ಕೃಷಿಕ ಮನೆಗಳ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೆಣ್ಣು ಭ್ರೂಣವನ್ನು ಕೊಂದ ಪಾಪದ ಫಲವನ್ನು ನಾಡು ಉಣ್ಣುತ್ತಿದೆ. ಓದಿದ ಹೆಣ್ಣುಮಕ್ಕಳು ಹಳ್ಳಿಗೆ ಬರಲು ಒಪ್ಪುತ್ತಿಲ್ಲ. ಹೀಗಾಗಿ ನಿನ್ನೆಯವರೆಗೆ ಒಳಪಂಗಡ ಕೇಳುತ್ತಿದ್ದವರು ಇಂದು ಹೊರ ಜಿಲ್ಲೆ, ಹೊರ ರಾಜ್ಯದ ಹೆಣ್ಣಾದರೂ ಸಾಕು ಎನ್ನುತ್ತಾರೆ. ಇದೂ ಬದಲಾವಣೆಯೇ. ಆದರೆ ಇದು ಮನಸ್ಸಿನದೋ, ಕೇವಲ ಅಗತ್ಯದ್ದೋ? ಮಗನಿಗೆ ಹೆಣ್ಣು ಸಿಗದಿದ್ದಾಗ ಜಾತಿ ಬಿಟ್ಟವರು ಮಗಳ ವಿಷಯ ಬಂದಾಗ ಅದನ್ನೇ ಹಿಡಿದುಕೊಂಡರೆ ಅದಕ್ಕೆ ಬದಲಾವಣೆ ಎನ್ನಲಾಗದು. ದೂರದಿಂದ ಬಂದ ಸೊಸೆಯನ್ನು ತೋಟಕ್ಕೆ ಸಿಕ್ಕ ಆಳಿನಂತೆ ನೋಡಿದರೆ, ಅವಳ ಭಾಷೆಯನ್ನು ಅಣಕಿಸಿದರೆ, ಅವಳ ತವರಿನವರನ್ನು ಹಬ್ಬಕ್ಕೆ ಕರೆಯದಿದ್ದರೆ, ಗೆರೆ ಅಳಿದಿಲ್ಲ. ಬೀದಿಯಿಂದ ಮನೆಯೊಳಕ್ಕೆ ಬಂದಿದೆ ಅಷ್ಟೇ.

ತಂದೆತಾಯಿಯರ ಅಳಲು ನಮಗೆ ಅರ್ಥವಾಗುತ್ತದೆ. ಜನ ಏನೆನ್ನುತ್ತಾರೆ, ಇನ್ನೊಬ್ಬ ಮಗಳ ಮದುವೆ ನಿಂತುಹೋದರೆ ಏನು ಗತಿ ಎಂಬ ಭಯ ಸುಳ್ಳಲ್ಲ. ಸಂಬಂಧ ಬಂದಾಗ ವಿಚಾರಿಸುವುದು ನಿಮ್ಮ ಕರ್ತವ್ಯವೂ ಹೌದು. ಹುಡುಗ ಕುಡಿಯುತ್ತಾನೆಯೇ, ದುಡಿಯುತ್ತಾನೆಯೇ, ಸಾಲ ಎಷ್ಟಿದೆ, ಹೆಣ್ಣಿನ ಮೇಲೆ ಕೈಯೆತ್ತುವವನೇ, ದೇವರ ಭಯ ಇದೆಯೇ, ಧರ್ಮ ಬೇರೆಯಾಗಿದ್ದರೆ ಮಕ್ಕಳನ್ನು ಹೇಗೆ ಬೆಳೆಸುತ್ತಾರೆ, ಎಲ್ಲವನ್ನೂ ಕೇಳಿ. ಧರ್ಮ ಬೇರೆಯಾದಲ್ಲಿ ಧರ್ಮಾಧ್ಯಕ್ಷರ ವಿನಾಯಿತಿ ಬೇಕಾಗುತ್ತದೆ. ಬಚ್ಚಿಡದೆ ಮೊದಲೇ ನಮ್ಮ ಬಳಿ ಬನ್ನಿ. ಆದರೆ ಜಾತಿ ಸರಿ ಇದೆಯೆಂಬ ಒಂದೇ ನೆಮ್ಮದಿಯಲ್ಲಿ ಈ ಪ್ರಶ್ನೆಗಳನ್ನೇ ಕೇಳದೆ ಮಗಳನ್ನು ಕುಡುಕನ ಕೈಗೆ ಕೊಟ್ಟು ಆಮೇಲೆ ಅತ್ತ ತಾಯಂದಿರನ್ನೂ ನಾವು ಕಂಡಿದ್ದೇವೆ.

ಯುವಕ ಯುವತಿಯರೇ, ನಿಮಗೂ ಒಂದು ಮಾತು. ಪ್ರೀತಿ ದೊಡ್ಡದು, ಅದನ್ನು ಹೊತ್ತು ನಡೆಯುವ ತಾಳ್ಮೆ ಇನ್ನೂ ದೊಡ್ಡದು. ಮನೆಯವರಿಗೆ ಹೇಳಿ, ಬೈದರೆ ಕೇಳಿಸಿಕೊಳ್ಳಿ, ಮತ್ತೆ ಹೇಳಿ. ಬೆದರಿಕೆ, ಹೊಡೆತ, ಕೋಣೆಯಲ್ಲಿ ಕೂಡಿಹಾಕುವುದು ಶುರುವಾದರೆ ಮಾತ್ರ ಸುಮ್ಮನಿರಬೇಡಿ. 18 ತುಂಬಿದ ಹುಡುಗಿ, 21 ತುಂಬಿದ ಹುಡುಗ ತಮ್ಮ ಮದುವೆಯನ್ನು ತಾವೇ ತೀರ್ಮಾನಿಸಲು ಕಾನೂನು ಅವಕಾಶ ಕೊಟ್ಟಿದೆ. ಒತ್ತಾಯಕ್ಕೆ ಹೇಳಿದ ಒಪ್ಪಿಗೆಯನ್ನು ಧರ್ಮಸಭೆಯೂ ಒಪ್ಪಿಗೆಯೆಂದು ಎಣಿಸುವುದಿಲ್ಲ.

ಈ ಹೊಸ ವರ್ಷದಲ್ಲಿ ನಾವು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮಗುವಿನ ಬಣ್ಣದ ಮಾತನ್ನು ಮನೆಯಲ್ಲಿ ಆಡದಿರೋಣ. ಜಾತಿ ಬಿಟ್ಟು ಮದುವೆಯಾದ ದಂಪತಿಗಳು ನಮ್ಮ ಧರ್ಮಕೇಂದ್ರದಲ್ಲಿದ್ದರೆ ಅವರನ್ನು ಊಟಕ್ಕೆ ಕರೆಯೋಣ, ಅವರ ಮಗುವಿನ ಜ್ಞಾನಸ್ನಾನಕ್ಕೆ ಹೋಗೋಣ. ಮಾತು ಬಿಟ್ಟಿರುವ ಮಗಳಿದ್ದರೆ ಇಂದು ಸಂಜೆಯೇ ಒಂದು ಫೋನ್ ಮಾಡಿ. ಮೊಮ್ಮಕ್ಕಳು ಅಜ್ಜಿಯ ಮುಖ ಕಾಣದೆ ಬೆಳೆಯುವ ಶಿಕ್ಷೆಯನ್ನು ಯಾವ ದೇವರೂ ವಿಧಿಸಿಲ್ಲ.

ಬಾಲಯೇಸುವನ್ನು ಕಂಡ ಜ್ಞಾನಿಗಳು ಹೆರೋದನಿದ್ದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ತಮ್ಮ ನಾಡಿಗೆ ಮರಳಿದರು. ಈ ಪೂಜೆ ಮುಗಿಸಿ ನಮ್ಮ ನಮ್ಮ ಊರುಗಳಿಗೆ ಮರಳುವ ನಮಗೂ ಹಳೆಯ ದಾರಿಯನ್ನು ಬಿಡುವ ಧೈರ್ಯವನ್ನು ಪ್ರಭು ದಯಪಾಲಿಸಲಿ. ನಮ್ಮ ಮನೆಗಳ ಬಾಗಿಲುಗಳನ್ನು ಅವರೇ ತೆರೆಯಲಿ.

ಪಿತನ, ಸುತನ, ಪವಿತ್ರಾತ್ಮರ ಆಶೀರ್ವಾದ ನಿಮ್ಮೆಲ್ಲರ ಕುಟುಂಬಗಳ ಮೇಲಿರಲಿ. ಆಮೆನ್.